ಒಣಗಿದ ಬಕೆಟ್ಟು

ದಟ್ಟಗಳ್ಳಿ, ಮೈಸೂರು
೧೩ ನವೆಂಬರ್, ಗುರುವಾರ

ಚಿ. ಸೌ. ನಯನಾಳಿಗೆ,

ನಿನ್ನ ಅತ್ತೆ ದೇವೀರಮ್ಮ ಮಾಡುವ ಆಶೀರ್ವಾದ. ‘ಸೌ’ ಅಂತ ಬರೆಯಬೇಕೋ ಬೇಡವೋ ಎಂದು ಪೆನ್ನು ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದೆ. ನನ್ನ ಮಗ ಅಭಿಲಾಷ ಹುಣಸೂರಿನಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ, ನೀನು ಇಲ್ಲಿ ಅವನ ತಾಯಿಗೆ ಅನ್ನ ಹಾಕುತ್ತಿದ್ದೀಯ. ಇದಕ್ಕೆ ಯಾವ ಅಕ್ಷರ ಹಾಕಬೇಕೋ ನನಗಂತೂ ತಿಳಿಯದು. ಬರೆದಾಗಿದೆ, ಇರಲಿ ಬಿಡು.

ಪಲ್ಯದ ಡಬ್ಬಿ ತೆಗೆದರೆ ಕಾಗದ ಸಿಕ್ಕಿತಲ್ಲ ಅಂತ ಗಾಬರಿಯಾಗಬೇಡ. ಪಲ್ಯ ಕೆಳಗಿನ ಡಬ್ಬಿಯಲ್ಲಿ ರೊಟ್ಟಿಯ ಜೊತೆ ಇದೆ. ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುವ ಹುಚ್ಚು ಮುದುಕಿ ಅಂದುಕೋ. ಎದುರಿಗೆ ಕೂತು ಕೇಳಿದರೆ ನಾನು ಕೂಗಾಡುತ್ತೇನೆ, ನೀನು “ಡ್ಯೂಟಿಗೆ ಹೊತ್ತಾಯ್ತು ಅತ್ತೆ” ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತೀಯ. ಡ್ಯೂಟಿಯಂತೆ ಡ್ಯೂಟಿ! ಆ ಮಾತಿಗೇ ಬರುತ್ತೇನೆ.

ಈ ಮನೆಗೆ ಕಾಲಿಟ್ಟಾಗಿನಿಂದ ನಿನ್ನದೊಂದು ಪದ್ಧತಿ. ಆಸ್ಪತ್ರೆಯಿಂದ ಬಂದರೆ ಮುಂಬಾಗಿಲಿಗೆ ಬರುವವಳಲ್ಲ. ಪಕ್ಕದ ಸಂದಿಯಲ್ಲಿ ಹಾದು ಹಿಂದಿನ ಬಚ್ಚಲಿಗೆ ಹೋಗಿ, ಯೂನಿಫಾರಂ ಬಕೆಟ್ಟಿನ ಡೆಟಾಲ್ ನೀರಿನಲ್ಲಿ ನೆನೆಹಾಕಿ, ತಲೆಗೆ ನೀರು ಹುಯ್ದುಕೊಂಡ ಮೇಲೆಯೇ ಮಗಳನ್ನು ಮುಟ್ಟುತ್ತಿದ್ದವಳು. ಪುಟ್ಟಿ ಎಷ್ಟು ಅತ್ತರೂ “ಬೇಡ ಕಂದ, ವಾರ್ಡಿಂದ ಬಂದಿದ್ದೀನಿ” ಅಂತ ದೂರ ಸರಿಯುತ್ತಿದ್ದೆ. ದಸರಾ ಕಳೆದಾಗಿನಿಂದ ನೋಡುತ್ತಿದ್ದೇನೆ, ಆ ಬಕೆಟ್ಟು ಒಣಗಿ ಬಿದ್ದಿದೆ. ಶನಿವಾರ ಭಾನುವಾರ ಮಾತ್ರ ನೆನೆಯುತ್ತದೆ. ಮಿಕ್ಕ ದಿನ ಬಾಗಿಲಿನಲ್ಲೇ ಪುಟ್ಟಿಯನ್ನು ಎತ್ತಿಕೊಂಡು ಲೊಚಲೊಚ ಮುತ್ತಿಡುತ್ತೀಯ. ಯೂನಿಫಾರಂ ಬ್ಯಾಗಿಗೆ ಹಾಕಿಕೊಂಡು ಹೋಗುತ್ತೀಯ, ಮಡಿಕೆ ಮುರಿಯದ ಹಾಗೆ ವಾಪಸ್ಸು ತರುತ್ತೀಯ. ನೀನು ಮಲಗಿದ್ದಾಗ ಅದನ್ನು ತೆಗೆದು ಮೂಸಿದೆ. ಹೌದು, ಮೂಸಿದೆ, ನಾಚಿಕೆಯೇನಿಲ್ಲ. ಇಸ್ತ್ರಿ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

ಅಷ್ಟರಲ್ಲಿ ಎದುರು ಮನೆಯ ನಾಗೇಂದ್ರ ಬೇರೆ ಕಡ್ಡಿ ಆಡಿಸಿದ. ಅಭಿಲಾಷನ ಗೆಳೆಯ ತಾನೆ, ಮಹಡಿಯಿಂದ ನಮ್ಮ ಮನೆ ಕಾಯುವುದೇ ಅವನ ಕೆಲಸ. “ಏನ್ ದೇವೀರಮ್ಮೋರೆ, ನಿಮ್ ಸೊಸೆ ದಿನಾ ಬನ್ನಿಮಂಟಪದ ಬಸ್ಸತ್ತುತ್ತಾರೆ. ಅವರ ಆಸ್ಪತ್ರೆ ಇರೋದು ಆ ಕಡೆ ಅಲ್ವಲ್ಲ?” ಅಂದ. “ನಿಂಗ್ಯಾಕಪ್ಪಾ ಆ ಪಂಚಾಯ್ತಿ” ಅಂತ ಬಾಯಿ ಮುಚ್ಚಿಸಿದೆ. ಆದರೆ ಇವಳು ಯಾರನ್ನೋ ನೋಡಿಕೊಂಡಿದ್ದಾಳೆ, ಇವತ್ತೋ ನಾಳೆಯೋ ಪುಟ್ಟಿಯನ್ನು ಕರೆದುಕೊಂಡು ಹೊರಟೇಬಿಡುತ್ತಾಳೆ ಅಂದುಕೊಂಡೆ.

ಮಂಗಳವಾರ ಪುಟ್ಟಿಯನ್ನು ಶಾಲೆಗೆ ಬಿಟ್ಟು, ತಲೆ ತುಂಬ ಸೆರಗು ಹೊದ್ದು, ನೀನು ಹತ್ತಿದ ಬಸ್ಸನ್ನೇ ಹತ್ತಿದೆ. ನೀನು ಮುಂದೆ ಕೂತಿದ್ದೆ, ನಾನು ಹಿಂದೆ. ಒಂದು ಸಲವಾದರೂ ತಿರುಗಬಾರದೆ? ಬನ್ನಿಮಂಟಪದಲ್ಲಿ ಇಳಿದು ಯಾವುದೋ ದೊಡ್ಡ ಕಟ್ಟಡದೊಳಕ್ಕೆ ಹೋದೆ. ಗೇಟಿನಲ್ಲಿ ವಾಚ್‌ಮನ್ ಯಾರ ಜೊತೆಗೋ ಹರಟುತ್ತಿದ್ದ. ನಾನು ನುಸುಳಿಕೊಂಡು ಕಿಟಕಿ ಕಿಟಕಿ ಇಣುಕುತ್ತಾ ಹೋದೆ.

ನೋಡಬಾರದ್ದನ್ನು ನೋಡಿದೆ ಕಣೇ! ಒಂದು ಮಂಚ, ಅದರ ಮೇಲೆ ಒಬ್ಬ ಗಂಡಸು, ಅಂಗಿಯಿಲ್ಲ. ನೀನು ಅವನ ಭುಜ ಅಲ್ಲಾಡಿಸಿ ಏನೋ ಕರೆದೆ. ಆಮೇಲೆ ಅವನ ಗಲ್ಲ ಹಿಡಿದೆತ್ತಿ, ಬಗ್ಗಿ, ಮುಖದ ಹತ್ತಿರಕ್ಕೆ ಮುಖ ತಂದೆ. ಅವನ ಬಾಯಿಗೂ ನಿನ್ನ ಕೆನ್ನೆಗೂ ಬೆರಳು ತೂರುವಷ್ಟು ಜಾಗವಿರಲಿಲ್ಲ. “ಅಯ್ಯೋ ನಿನ್ ಮನೆ ಹಾಳಾಗ” ಅಂತ ಕಿಟಕಿಯ ಸರಳು ಹಿಡಿದು ಕಿರುಚುವಷ್ಟರಲ್ಲಿ ಆ ವಾಚ್‌ಮನ್ ಓಡಿ ಬಂದು ನನ್ನನ್ನು ಆಚೆಗೆ ಎಳೆದುಕೊಂಡು ಹೋದ.

ಮಹದೇವು ಅಂತ ಅವನ ಹೆಸರು. ನಾನು ಎದೆ ಬಡಿದುಕೊಂಡು ಹೇಳಿದ್ದನ್ನೆಲ್ಲ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕ. “ಬುಡವ್ವೋ, ಅದು ರಬ್ಬರ್ ಬೊಂಬೆ! ಉಸಿರು ಐತಾ ಇಲ್ವಾ ಅಂತ ಕೆನ್ನೆ ತಂದು ನೋಡೋದು, ಆಮೇಲೆ ಎದೆ ಒತ್ತೋದು. ಇದು ನರ್ಸಿಂಗ್ ಕಾಲೇಜು ಕಣವ್ವ” ಅಂದ. ನಾನು ಮತ್ತೆ ಹೋಗಿ ಇಣುಕಿದೆ. ನಿಜ, ಬೊಂಬೆಗೆ ಸೊಂಟದಿಂದ ಕೆಳಗೆ ಕಾಲೇ ಇರಲಿಲ್ಲ. ನಿನಗಿಂತ ಚಿಕ್ಕ ಹುಡುಗಿಯರು ಸುತ್ತ ನಿಂತಿದ್ದರು, ನೀನು ಬೆವರು ಸುರಿಸುತ್ತಾ ಅದರ ಎದೆ ಒತ್ತುತ್ತಿದ್ದೆ. ಡಿಪ್ಲೊಮಾ ಮಾಡಿ ಕೆಲಸದಲ್ಲಿದ್ದವರು ಬಂದು ಇನ್ನೆರಡು ವರ್ಷ ಬಿ.ಎಸ್ಸಿ. ಓದುವ ತರಗತಿಯಂತೆ. ವಾರದಲ್ಲಿ ಎರಡು ದಿನ ಮಾತ್ರ ಆಸ್ಪತ್ರೆ ಇಟ್ಟುಕೊಂಡು ಮಿಕ್ಕ ದಿನ ಪಾಠಕ್ಕೆ ಬರುವವರು ನಿನ್ನ ಹಾಗೆ ಇನ್ನೂ ಇದ್ದಾರಂತೆ.

ನಿನ್ನೆಯಿಡೀ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಇವತ್ತು ತಡೆಯಲಾರೆ. ಗಂಡಸಲ್ಲ, ಸರಿ. ಆದರೆ ಓದುವುದನ್ನು ಕಳ್ಳತನ ಮಾಡಿದ ಹಾಗೆ ಬಚ್ಚಿಟ್ಟಿದ್ದೇಕೆ? ಯೋಚಿಸಿ ಯೋಚಿಸಿ ಹೊಳೆಯಿತು. ಹಿಂದೊಮ್ಮೆ ಇದೇ ಓದಿಗೆ ಸೀಟು ಸಿಕ್ಕಿದಾಗ ಅಭಿಲಾಷ ವಾರ್ಡಿಗೇ ಬಂದು, ರೋಗಿಗಳ ಎದುರಿಗೆ ಕೂಗಾಡಿ, ನಿನ್ನನ್ನು ಅಳಿಸಿ ಅದನ್ನು ಬಿಡಿಸಿದ. ಈಗಲೂ ಅವನ ಫೋನ್ ಬಂದರೆ ನಾನು ಅಡುಗೆಮನೆಗೆ ಹೋಗಿ ಪಿಸುಪಿಸು ಮಾತಾಡುತ್ತೇನೆ, ನೀನು ಹಿಂದಿನ ಬಚ್ಚಲಿನಲ್ಲಿ ಪಾತ್ರೆ ತೊಳೆಯುತ್ತಾ ಕಿವಿ ನೆಟ್ಟಗೆ ಮಾಡುತ್ತೀಯ. ಮುದುಕಿ ಎಷ್ಟಾದರೂ ಮಗನ ಕಡೆ, ಬಾಯಿ ಬಿಟ್ಟರೆ ಮತ್ತೆ ಕಾಲೇಜಿಗೇ ಬಂದು ರಂಪ ಮಾಡುತ್ತಾನೆ ಅಂತ ತಾನೆ? ನಾನು ನಿನ್ನ ಯೂನಿಫಾರಂ ಮೂಸಿದರೆ, ನೀನು ನನ್ನ ಫೋನಿಗೆ ಕಿವಿ ಕೊಟ್ಟೆ. ಲೆಕ್ಕ ಸಮ.

ಅನುಮಾನ ಪೂರ್ತಿ ಹೋಯಿತು ಅಂದುಕೊಳ್ಳಬೇಡ. ಓದು ಮುಗಿದ ಮೇಲೆ ಏನು ಅಂತ ಮಹದೇವುವನ್ನು ಕೇಳಿದೆ. ಕೆಲವರು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿಯುತ್ತಾರಂತೆ, ಕೆಲವರು ಗಲ್ಫು ಗಿಲ್ಫು ಅಂತ ವಿಮಾನ ಹತ್ತುತ್ತಾರಂತೆ. ನೀನು ಯಾವ ಪೈಕಿ? ಗಂಡನೇ ಬಿಟ್ಟುಹೋದ ಮೇಲೆ ಅತ್ತೆ ಯಾವ ಲೆಕ್ಕ? ಅದೇ ನನ್ನ ಭಯ ನಯನಾ, ಬೇರೇನಿಲ್ಲ. ನೀನು ಓದಬೇಕು, ಹಟ ಹಿಡಿದು ಓದು. ಎಲ್ಲಿಗೆ ಹೋಗುವುದಾದರೂ ನನಗೆ ನೀನೇ ಹೇಳು. ಬಕೆಟ್ಟು ನೋಡಿ ತಿಳಿದುಕೊಳ್ಳುವ ಹಾಗೆ ಮಾಡಬೇಡ.

ರೊಟ್ಟಿ ಪೂರ್ತಿ ತಿನ್ನು. ಬೊಂಬೆಯ ಎದೆ ಒತ್ತುವುದಕ್ಕೂ ತೋಳಿನಲ್ಲಿ ಶಕ್ತಿ ಬೇಕು.

ಇಂತಿ,
ಪುಟ್ಟಿಯ ಅಜ್ಜಿ, ನೀನು ಒಪ್ಪಿದರೆ ನಿನ್ನ ಅತ್ತೆ,
ದೇವೀರಮ್ಮ

ತಾ.ಕ.: ನಿನ್ನೆ ನೀನು ಸ್ನಾನಕ್ಕೆ ಹೋಗಿದ್ದಾಗ ಅಭಿಲಾಷನ ಫೋನ್ ಬಂದಿತ್ತು. ನಾಗೇಂದ್ರ ಅವನ ಕಿವಿಗೆ ಊದಿದ್ದಾನೆ. “ಅವಳು ಎಲ್ಲಿಗವ್ವ ಹೋಗೋದು, ನಿಜ ಹೇಳು” ಅಂತ ಗದರಿಸಿದ. “ಆಸ್ಪತ್ರೆಗೇ ಕಣೋ, ಬನ್ನಿಮಂಟಪದ ಬ್ರಾಂಚಿಗೆ ಹಾಕವ್ರೆ. ಅವಳ ಯೂನಿಫಾರಂ ದಿನಾ ನಾನೇ ನೆನೆಹಾಕ್ತೀನಿ, ಬೇಕಾದ್ರೆ ನಿನ್ ನಾಗೇಂದ್ರನ್ನೇ ಕೇಳು” ಅಂದೆ. ಈ ವಯಸ್ಸಿನಲ್ಲಿ ಹೆತ್ತ ಮಗನಿಗೆ ಸುಳ್ಳು ಹೇಳಿದ್ದೇನೆ, ಅದಕ್ಕೊಂದು ಸಾಕ್ಷಿ ಬೇಡವೆ? ನಿನ್ನ ಹಳೆಯ ಯೂನಿಫಾರಂ ಒಂದನ್ನು ಡೆಟಾಲ್ ನೀರಿಗೆ ಹಾಕಿ, ಎದುರು ಮಹಡಿಗೆ ಕಾಣುವ ಹಾಗೆ ಬಕೆಟ್ಟನ್ನು ಸಂದಿಯ ಬಾಯಿಗೆ ತಂದಿಟ್ಟಿದ್ದೇನೆ. ಮನೆಗೆ ಬಂದಾಗ ಅದನ್ನು ಎತ್ತಿಡಬೇಡ. ನಿನ್ನ ಓದು ಮುಗಿಯುವವರೆಗೂ ಆ ಬಕೆಟ್ಟು ನನ್ನ ಡ್ಯೂಟಿ.