ಕಾಡಪ್ಪ ಕಾಕಾನ ಎಂಬತ್ತನಾಲ್ಕು ದೀಪಗಳು

ತಗ್ಗಿನಕೇರಿ, ಚಂದ್ರನ ತೆಂಕಣ ಅಂಚು
ಫೆಬ್ರವರಿ 30, 2291

ಇನ್ನೂ ನೆಲದ ಮೇಲೆ ನಿಂತು ಚಂದ್ರನನ್ನು ನೋಡುವ ಭಾಗ್ಯವುಳ್ಳ ಹಿರಿಯರಿಗೆ,

ತಾರೀಖು ನೋಡಿ ಕಾಗದ ಮಡಚಿಡಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಫೆಬ್ರವರಿಗೆ ಮಾತ್ರ ಎರಡು ದಿನ ಕಡಿಮೆ ಕೊಡುವುದು ಯಾವ ನ್ಯಾಯ ಎಂದು ನಮ್ಮ ಹಿಂದಿನವರು ಸಭೆ ಸೇರಿ, ಮೂರು ಸಲ ಚಹಾ ಕುಡಿದು, ಸರ್ವಾನುಮತದಿಂದ ತೀರ್ಮಾನಿಸಿದ್ದಾರೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಅದನ್ನೂ ಕ್ಷಮಿಸಿ. ಮನುಷ್ಯನ ಭಾರವೇ ಆರರಲ್ಲಿ ಒಂದು ಪಾಲಿಗೆ ಇಳಿದಿರುವ ಊರಿನಲ್ಲಿ ಮಾತು ಮಾತ್ರ ತೂಕವಾಗಿರಲಿ ಎಂದು ಬಯಸುವುದು ದುರಾಸೆ.

ನಾನು ಇಲ್ಲಿಯ ಗೋಡೆಪತ್ರಿಕೆಯಲ್ಲಿ ವಾರಕ್ಕೊಮ್ಮೆ ತಮಾಷೆಯ ಅಂಕಣ ಬರೆಯುವವನು. ನಮ್ಮ ಊರಿನ ಜನಸಂಖ್ಯೆ ಇನ್ನೂರ ಹನ್ನೆರಡು. ಓದುಗರು ಅದಕ್ಕಿಂತ ಕಡಿಮೆ. ಈ ಸಲ ತಮಾಷೆ ನನ್ನ ಕೈಮೀರಿ ಹೋಯಿತು. ಅದನ್ನೇ ಹೇಳಲು ಕುಳಿತಿದ್ದೇನೆ.

ಹನ್ನೊಂದು ದಿನಗಳ ಹಿಂದೆ ನಮ್ಮ ಗಗನಯಾತ್ರಿ ಕಾಡಪ್ಪ ಕಟಗೇರಿ ತೀರಿಕೊಂಡರು. ಎಂಬತ್ತನಾಲ್ಕು ವರ್ಷ. ಇಡೀ ಊರಿಗೆ ಅವರು ಕಾಕಾ, ಅವರ ಹೆಂಡತಿ ನೀಲವ್ವ ಇಡೀ ಊರಿಗೆ ಕಾಕು. ಮೂವತ್ತೊಂದು ವರ್ಷ ಭೂಮಿಗೂ ಚಂದ್ರನಿಗೂ ನೌಕೆ ಓಡಿಸಿ, ಮೊಣಕಾಲು ಕೈಕೊಟ್ಟ ಮೇಲೆ ಕಾಕಾ ಇಳಿಸುಗಾರರಾದರು. ಇದು ನಿಮ್ಮ ಕಾಲದಲ್ಲಿಲ್ಲದ ಉದ್ಯೋಗ, ವಿವರಿಸುತ್ತೇನೆ. ಬರುವ ನೌಕೆಯನ್ನು ಯಂತ್ರ ಹತ್ತು ಕಿಲೋಮೀಟರ್ ಎತ್ತರದವರೆಗೆ ತಂದು ಕೈಬಿಡುತ್ತದೆ. ಅಲ್ಲಿಂದ ಕೆಳಗೆ ಬರೀ ಬಂಡೆ, ಕಂದಕ, ನೆರಳು. ನೌಕೆ ನಡೆಸುವವರ ಕಣ್ಣು, ನೆಲದಲ್ಲಿ ರೇಡಿಯೋ ಮುಂದೆ ಕುಳಿತವರ ಬಾಯಿ, ಇವೆರಡೂ ಸೇರಿ ಅದನ್ನು ಇಳಿಸಬೇಕು. ಆ ಬಾಯಿಗೆ ಇಳಿಸುಗಾರ ಎಂದು ಹೆಸರು.

ಕಾಕಾನ ಪದ್ಧತಿ ಯಾವ ಕೈಪಿಡಿಯಲ್ಲೂ ಇಲ್ಲ. ನೌಕೆ ಹತ್ತು ಕಿಲೋಮೀಟರಿಗೆ ಬಂದ ಕೂಡಲೇ ಅವರು ಮೊದಲು ಕೇಳುತ್ತಿದ್ದದ್ದು ಒಂದೇ: ಊಟ ಆತೇನು? ಪ್ರಶ್ನೆ ಕಿವಿಗೆ ಬಿದ್ದ ತಕ್ಷಣ ನೌಕೆ ಇಳಿಯುವುದನ್ನು ನಿಲ್ಲಿಸಿ, ಇದ್ದಲ್ಲೇ ತೂಗುತ್ತ, ಉತ್ತರ ಕೊಟ್ಟು, ಮುಂದಿನ ಮಾತಿಗೆ ಕಾಯಬೇಕು. ಏನು ತಿಂದರು ಎಂಬುದು ಕಾಕಾನಿಗೆ ಬೇಕಿರಲಿಲ್ಲ. ಹೇಳುವ ದನಿಯಲ್ಲಿ ನಡುಕ ಎಷ್ಟಿದೆ ಎಂಬುದು ಬೇಕಿತ್ತು. ‘ಆತು’ ಎಂದು ಗಡಿಬಿಡಿಯಲ್ಲಿ ಹೇಳಿದವರನ್ನು ಇನ್ನೊಂದು ಸುತ್ತು ಹಾಕಿ ಬಾ ಎಂದು ಕಳಿಸಿಬಿಡುತ್ತಿದ್ದರು. ಹತ್ತೊಂಬತ್ತು ವರ್ಷ, ಆರುನೂರಕ್ಕೂ ಹೆಚ್ಚು ನೌಕೆ, ಒಂದಕ್ಕೂ ಗೀರು ಬೀಳಲಿಲ್ಲ. ಆಕಾಶದಲ್ಲಿ ಹೋಗೋರು ಬರೋರನ್ನೆಲ್ಲ ಊಟ ಆತೇನು ಅಂತ ಕೇಳತಾನ, ಮನ್ಯಾಗ ಇರೋಳನ್ನ ಒಮ್ಮೆಯೂ ಕೇಳಿಲ್ಲ ಎಂದು ಕಾಕು ಆಡಿಕೊಳ್ಳುತ್ತಿದ್ದರು. ನಾವು ನಗುತ್ತಿದ್ದೆವು. ಕಾಕಾ ಹೋದದ್ದೂ ಕುರ್ಚಿಯಲ್ಲೇ. ಸಾಮಾನು ಹೊತ್ತು ಬಂದ ಒಂದು ನೌಕೆಗೆ ‘ಸಾಕು, ಮುಟ್ಟಿದಿ’ ಎಂದು ಹೇಳಿ ಕಣ್ಣು ಮುಚ್ಚಿದರು. ಅದರ ಚಾಲಕ ಮುಂದಿನ ಮಾತಿಗಾಗಿ ಹತ್ತು ನಿಮಿಷ ಕಾಯುತ್ತ ಕೂತಿದ್ದನಂತೆ.

ನಮ್ಮಲ್ಲಿ ಇಳಿಸುಗಾರರು ಸತ್ತರೆ ಹನ್ನೊಂದು ದಿನ ಅವರ ರೇಡಿಯೋದಲ್ಲಿ ನೆಲದಿಂದ ಯಾರೂ ಮಾತಾಡುವುದಿಲ್ಲ, ಕುರ್ಚಿ ಖಾಲಿ ಇರುತ್ತದೆ. ಅಷ್ಟು ದಿನ ನೌಕೆಗಳನ್ನೂ ಬರಗೊಡುವುದಿಲ್ಲ. ಮುಂದಿನ ನೌಕೆ ಬರಬೇಕಾಗಿದ್ದದ್ದು ಹನ್ನೆರಡನೆಯ ದಿನ. ಅದನ್ನು ತರುವವಳು ದ್ಯಾಮವ್ವ, ಕಾಕಾನೇ ಬೈದು ಬೈದು ತಯಾರು ಮಾಡಿದ ಶಿಷ್ಯೆ. ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ನಾನು ಅಂಕಣ ಬರೆದೆ.

ಕಾಕಾನ ನೆನಪಿಗೆ, ಅವರ ವಯಸ್ಸಿನಷ್ಟು, ಎಂದರೆ ಎಂಬತ್ತನಾಲ್ಕು ಬ್ಯಾಟರಿ ದೀಪಗಳನ್ನು ಹೊಲಗವಿಯ ಮೇಲೆ ಇಡೋಣ ಎಂದು ಬರೆದೆ. ಹೊಲಗವಿ ಎಂದರೆ ನಾವು ಜೋಳ, ಶೇಂಗಾ, ಬದನೆ ಬೆಳೆಯುವ ಉದ್ದನೆಯ ಗಾಜಿನ ಕಮಾನು. ಊರಿನ ದೊಡ್ಡ ಊಟಗಳೆಲ್ಲ ಅದರೊಳಗೇ. ಚೆಂದ ಕಾಣಲಿ ಎಂದು ಎರಡು ಸಾಲಿನಲ್ಲಿ, ಸಮ ಅಂತರದಲ್ಲಿ ಇಡಿ ಎಂದೂ ಸಲಹೆ ಕೊಟ್ಟೆ. ನನ್ನ ಅಂಕಣದ ಸಲಹೆಯನ್ನು ಊರು ಪಾಲಿಸಿದ್ದು ಇದೇ ಮೊದಲು. ನಾನು ಎರಡು ದಿನ ಎದೆಯುಬ್ಬಿಸಿ ಓಡಾಡಿದೆ.

ಹನ್ನೊಂದನೆಯ ದಿನ, ಮಧ್ಯಾಹ್ನ ಹನ್ನೆರಡೂವರೆ. ಮಧ್ಯಾಹ್ನವೆಂದರೂ ಹೊರಗೆ ಕತ್ತಲೆ. ನಮ್ಮ ಕತ್ತಲೆ ಹದಿನಾಲ್ಕು ದಿನ ಕೂತೇ ಇರುತ್ತದೆ, ಒಲ್ಲದ ನೆಂಟರ ಹಾಗೆ. ಕಾಕಾನ ದಿವಸದ, ಎಂದರೆ ತಿಥಿಯ, ಊಟಕ್ಕೆ ಊರಿಗೆ ಊರೇ ಹೊಲಗವಿಯಲ್ಲಿ ಪಂಕ್ತಿಯಲ್ಲಿ ಕುಳಿತಿತ್ತು. ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಗೋಧಿ ಹುಗ್ಗಿ. ಕಾಕಾನ ಹೆಸರಿನಲ್ಲಿ ಒಂದು ಎಡೆ. ಸತ್ತವರು ಮೆಚ್ಚಿದ್ದನ್ನು ಎಡೆಯ ಪಕ್ಕದಲ್ಲಿಡುವುದು ಪದ್ಧತಿ, ಆದ್ದರಿಂದ ಕಾಕು ಆ ರೇಡಿಯೋವನ್ನೇ ತಂದು ಇಟ್ಟಿದ್ದರು. ಬಂದ್ ಮಾಡಿ ಇಡಿ ಎಂದು ಊರಿನ ಅಧ್ಯಕ್ಷ ಫಕೀರಗೌಡರು ಹೇಳಿದರು. ಬಂದ್ ಮಾಡಿದರೆ ಅವರು ಉಣ್ಣಲಿಕ್ಕೆ ಬರೋದಿಲ್ಲ ಎಂದು ಕಾಕು ಒಪ್ಪಲಿಲ್ಲ.

ಎಲ್ಲರೂ ಕಣ್ಣುಮುಚ್ಚಿ ಕುಳಿತಿದ್ದಾಗ ಎಡೆಯ ಪಕ್ಕದಿಂದ ದನಿ ಬಂತು. ದ್ಯಾಮವ್ವನದು.

“ಒಂಬತ್ತು ಕಿಲೋಮೀಟರ್. ಕಾಕೂ, ದಿವಸದ ಊಟಕ್ಕ ಮುಟ್ಟಬೇಕಂತ ಒಂದು ದಿನಾ ಮೊದಲ ಬಂದೀನಿ. ಯಾರೂ ಮಾತಾಡೂದು ಬ್ಯಾಡ, ಪದ್ಧತಿ ನನಗ ಗೊತ್ತೈತಿ. ದೀಪಾ ಕಾಣಾಕತ್ತಾವು. ಇಳೀತೀನಿ.”

ನಮ್ಮ ಕಣ್ಣು ತುಂಬಿತು. ಎಂಥ ಹುಡುಗಿ ಎಂದು ಯಾರೋ ಮೂಗು ಒರೆಸಿಕೊಂಡರು. ನೌಕೆ ಇಳಿಯುವ ಬಯಲಿನ ದೀಪಗಳನ್ನು ನಾಳೆಗೆಂದು ಇನ್ನೂ ಹಚ್ಚಿಯೇ ಇಲ್ಲ ಎಂಬುದು ನಮಗೆ ಹೊಳೆಯಲು ಒಂದು ಕಿಲೋಮೀಟರ್ ಬೇಕಾಯಿತು. ಬಯಲಿನ ದೀಪಗಳಂತೆಯೇ ಎರಡು ಸಾಲು, ಸಮ ಅಂತರ. ಹೊರಗಿನ ಕತ್ತಲೆಯಲ್ಲಿ ಉರಿಯುತ್ತಿದ್ದ ದೀಪಗಳು ನಮ್ಮ ತಲೆಯ ಮೇಲಿನವು ಮಾತ್ರ.

“ಎಂಟು.”

ಆ ದೀಪಗಳನ್ನು ಒಂದೊಂದಾಗಿಯೇ ಆರಿಸಬೇಕು, ಅದಕ್ಕೆ ಹೊರಗೆ ಹೋಗಬೇಕು, ಹೊರಗೆ ಹೋಗುವ ಉಡುಪು ತೊಡಲು ಇಪ್ಪತ್ತು ನಿಮಿಷ ಬೇಕು. ಓಡಿ ಪಾರಾಗೋಣವೆಂದರೆ ಹೊಲಗವಿಗೆ ಇರುವುದು ಒಂದೇ ಬಾಗಿಲು, ಅದೂ ಇಬ್ಬರು ಹಿಡಿಯುವಷ್ಟು. ಬಯಲಿನ ದೀಪದ ಗುಂಡಿ ಊರಿನ ಇನ್ನೊಂದು ತುದಿಯ ಕೋಣೆಯಲ್ಲಿ. ಅತ್ತ ಒಬ್ಬರು ಓಡಿದರು. ನೌಕೆಯಲ್ಲಿ ಒಂಬತ್ತು ಜನ, ಗಾಜಿನ ಕೆಳಗೆ ನಾವೆಲ್ಲ. ಫಕೀರಗೌಡರು ಕೈಯಲ್ಲಿ ರೊಟ್ಟಿ ಹಿಡಿದೇ ಎದ್ದು, ಮೌನ ಮುರಿಯುವುದಾದರೆ ಸಭೆಯ ಒಪ್ಪಿಗೆ ಬೇಕಲ್ಲ ಎಂದರು. ಹಾಗೆ ಹೇಳುತ್ತಲೇ ಮೈಕಿಗೆ ಕೈಹಾಕಿದ ಮೊದಲಿಗರೂ ಅವರೇ. ಎರಡನೆಯವನು ನಾನು. ಹಿಂದೆ ಇನ್ನೂ ನಾಲ್ಕು ಜನ. ಇಳಿಯಬೇಡ, ನಿಲ್ಲು, ದೀಪ, ಬಲಕ್ಕೆ, ಅಯ್ಯೋ, ಎಲ್ಲವನ್ನೂ ಒಟ್ಟಿಗೇ ಕೂಗಿದೆವು. ಆರು ಜನರ ಕೂಗು ಒಂದು ಸಣ್ಣ ಮೈಕಿನಲ್ಲಿ ತೂರಿ ಮೇಲೆ ಹೇಗೆ ಕೇಳಿಸಿತೋ ದೇವರೇ ಬಲ್ಲ.

“ಅಳಬ್ಯಾಡ್ರಿ,” ಎಂದಳು ದ್ಯಾಮವ್ವ, ಬಿಕ್ಕುತ್ತ. “ನೀವು ಅತ್ತರ ನನಗೂ ಅಳು ಬರತೈತಿ, ಕಣ್ಣು ಮಂಜಾಗತಾವು. ಐದು.”

ನಾವು ಇನ್ನೂ ಜೋರಾಗಿ ಕೂಗಿದೆವು. ಅವಳು ಇನ್ನೂ ಜೋರಾಗಿ ಅತ್ತಳು. ನಾಲ್ಕು ಎಂದಳು. ಗಾಜಿನಾಚೆ ಕತ್ತಲೆಯಲ್ಲಿ ಒಂದು ನೀಲಿ ಚುಕ್ಕೆ ಕಾಣಿಸಿತು. ಅದು ಅತ್ತಿತ್ತ ಸರಿಯುತ್ತಿರಲಿಲ್ಲ, ದೊಡ್ಡದಾಗುತ್ತಿತ್ತು, ಅಷ್ಟೇ. ನಮ್ಮತ್ತಲೇ ಬರುವ ವಸ್ತು ಹಾಗೆ ಕಾಣುತ್ತದೆ ಎಂದು ಕಾಕಾ ಒಮ್ಮೆ ಹೇಳಿದ್ದರು.

ಬಡಿಸಲು ನಿಂತಿದ್ದ ಕಾಕು ಸೌಟನ್ನು ಪಾತ್ರೆಯಲ್ಲಿಟ್ಟರು. ಸೆರಗಿಗೆ ಕೈ ಒರೆಸಿಕೊಂಡು ಬಂದು, ನಮ್ಮ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೈಕನ್ನು ತೆಗೆದುಕೊಂಡರು. ಐವತ್ತೆಂಟು ವರ್ಷದ ಸಂಸಾರದಲ್ಲಿ ಅವರು ಮೈಕಿನಲ್ಲಿ ಮಾತಾಡಿದ್ದು ಅದೇ ಮೊದಲು.

“ಊಟ ಆತೇನು, ದ್ಯಾಮವ್ವಾ?”

ಮೇಲೆ ಅಳು ನಿಂತಿತು. ನೀಲಿ ಚುಕ್ಕೆ ದೊಡ್ಡದಾಗುವುದೂ ನಿಂತಿತು. ಅವಳ ಬುದ್ಧಿಗಿಂತ ಮೊದಲು ಅವಳ ಕೈ ಆ ಮಾತು ಕೇಳಿತ್ತು. ಸಣ್ಣ ದನಿಯಲ್ಲಿ ಉತ್ತರ ಬಂತು. “ಇಲ್ಲ ಕಾಕೂ. ಇನ್ನೂ ಆಗಿಲ್ಲ.”

“ಹಂಗಾರ ಮ್ಯಾಲ ಏಳು. ನಮ್ಮ ತಲಿ ಮ್ಯಾಲ ಇಳೀಲಿಕ್ಕ ಹತ್ತಿ. ಈ ದೀಪಾ ನಿಮ್ಮ ಕಾಕಾಂದು, ನಿಂದಲ್ಲ. ಬಲಕ್ಕ ಹೋಗು, ನಿನ್ನ ದೀಪಾ ಈಗ ಹತ್ತತಾವು.”

ನೀಲಿ ಚುಕ್ಕೆ ನಡುಗಿತು, ಮೇಲೆದ್ದಿತು, ಬಲಕ್ಕೆ ಸರಿಯಿತು. ಅಷ್ಟರಲ್ಲಿ ದೂರದ ಬಯಲಿನಲ್ಲಿ ದೀಪ ಹತ್ತಿದವು. ಎಲ್ಲ ಮುಗಿದು ನೆಲ ಮೆಲ್ಲಗೆ ಅದುರುವವರೆಗೂ ಫಕೀರಗೌಡರ ಕೈಯ ರೊಟ್ಟಿ ಹಾಗೇ ಇತ್ತು. ‘ಸಾಕು, ಮುಟ್ಟಿದಿ’ ಎಂದು ಕಾಕು ಹೇಳಲಿಲ್ಲ. ಅದನ್ನು ಹೇಳುವವರು ಹೇಳಿಹೋಗಿದ್ದಾರೆ ಎಂಬಂತೆ ಮೈಕನ್ನು ಎಡೆಯ ಪಕ್ಕಕ್ಕೆ ಇಟ್ಟರು.

ಒಂದು ತಾಸಿನ ಮೇಲೆ ದ್ಯಾಮವ್ವ ಪಂಕ್ತಿಯಲ್ಲಿ ಬಂದು ಕುಳಿತಳು. ಕಾಕು ರೊಟ್ಟಿ ಹಾಕಿದರು. ಅವಳು ಮುರಿಯಲಿಲ್ಲ. ತಲೆಯೆತ್ತಿ, ನಿಂದು ಊಟ ಆತೇನು ಕಾಕೂ ಎಂದು ಕೇಳಿದಳು.

ಆಗಿರಲಿಲ್ಲ. ಅವತ್ತಷ್ಟೇ ಅಲ್ಲ, ಹನ್ನೊಂದು ದಿನದಿಂದಲೂ ಸರಿಯಾಗಿ ಆಗಿರಲಿಲ್ಲ. ದೀಪ ಎರಡು ಸಾಲಿನಲ್ಲಿರಲಿ ಎಂದು ಚರ್ಚಿಸಿದ ಊರಿನಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ. ಕಾಕು ಕೈಯಲ್ಲಿ ಸೌಟು ಹಿಡಿದು, ಇದ್ದಲ್ಲೇ ನಿಂತು, ಮುಂದಿನ ಮಾತಿಗಾಗಿ ಕಾಯುತ್ತಿದ್ದರು. ದ್ಯಾಮವ್ವ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿದಳು.

ಎಂಬತ್ತನಾಲ್ಕು ದೀಪಗಳನ್ನು ಹೊರಗೆ ಹೋಗಿ ಒಂದೊಂದಾಗಿ ತೆಗೆಯುವ ಕೆಲಸವನ್ನು ಸಭೆ ಸರ್ವಾನುಮತದಿಂದ ನನಗೆ ವಹಿಸಿದೆ. ಎಪ್ಪತ್ತೊಂದು ಮುಗಿದಿವೆ. ನಡುವೆ ದಣಿವಾರಿಸಿಕೊಳ್ಳುತ್ತ ಈ ಕಾಗದ ಬರೆಯುತ್ತಿದ್ದೇನೆ.

ಹಿರಿಯರೇ, ಒಂದು ಕೋರಿಕೆ. ನಿಮ್ಮ ಕಾಲದ ಕೆಲವರಿಗೆ ಈ ಪ್ರಶ್ನೆ ಬೇಸರ ತರಲು ಶುರುವಾಗಿತ್ತು ಎಂದು ಹಳೆಯ ಕಡತಗಳಲ್ಲಿ ಓದಿದೆ. ಫೋನು ಎತ್ತಿದರೆ ಸಾಕು, ಊಟ ಆಯ್ತಾ, ತಿಂಡಿ ಆಯ್ತಾ, ಬೇರೆ ಮಾತೇ ಇಲ್ಲವೇ ಇವರಿಗೆ ಎಂದು ನೀವು ರೇಗುತ್ತಿದ್ದಿರಂತೆ. ರೇಗಿ, ಅಡ್ಡಿಯಿಲ್ಲ. ಆದರೆ ಕೇಳುವುದನ್ನು ಬಿಡಬೇಡಿ. ಅದು ನಿಮ್ಮಿಂದ ನಿಮ್ಮ ಮಕ್ಕಳಿಗೆ, ಅವರಿಂದ ಇನ್ಯಾರಿಗೋ, ಹೀಗೇ ಬಾಯಿಂದ ಬಾಯಿಗೆ ಕಾಡಪ್ಪ ಕಾಕಾನವರೆಗೆ ಬರಬೇಕು. ನಡುವೆ ಯಾರಾದರೂ ಒಬ್ಬರು ಬೇಸರಪಟ್ಟು ಸುಮ್ಮನಾದರೆ, ನೀಲಿ ಚುಕ್ಕೆ ನಿಲ್ಲುವುದಿಲ್ಲ.

ಇನ್ನು ಹದಿಮೂರು ದೀಪ ಉಳಿದಿವೆ. ಹೊರಡುತ್ತೇನೆ. ನಿಮ್ಮದು ಊಟ ಆಯಿತೇ?

ನಿಮ್ಮವನೇ ಆಗಲಿರುವ,
ಅಡಿವೆಪ್ಪ ಹುಲಕುಂದ