ಹಲಸಿನ ಮರಕ್ಕೆ ಕಟ್ಟಿದ ವಿಮಾನ

ರಾಮಕುಂಜ
12-11-1983

ಆಸಿಯಾಳ ಉಪ್ಪನವರಿಗೆ ರುಕಿಯಾಳ ಸಲಾಂ.

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ದಮ್ಮಾಮಿನಲ್ಲಿ ಚಳಿ ಶುರುವಾಗಿರಬೇಕು. ನಾನು ಕಳಿಸಿದ ನೀಲಿ ಸ್ವೆಟರನ್ನು ಎಂಜಿನ್ ಒರೆಸಲು ಬಳಸದೆ ಮೈಮೇಲೆ ಹಾಕಿಕೊಳ್ಳಬೇಕಾಗಿ ವಿನಂತಿ. ಇಲ್ಲಿ ಎಲ್ಲರೂ ಕ್ಷೇಮ. ಮಗಳು ಆಸಿಯಾ ಮಾತ್ರ ಶಾಲೆಯಲ್ಲಿ "ನಮ್ಮ ಹಿತ್ತಲಲ್ಲಿ ಉಪ್ಪ ಮಾಡಿದ ವಿಮಾನ ಉಂಟು" ಎಂದು ಹೇಳಿ, ಸುಳ್ಳು ಹೇಳಿದ್ದಕ್ಕೆ ಟೀಚರಿಂದ ಪೆಟ್ಟು ತಿಂದಳು. ಮರುದಿನ ಟೀಚರೇ ಬಂದು ಹಿತ್ತಲಿಗೆ ಇಣುಕಿ, ಚಾ ಕುಡಿದು ಹೋದರು. ನಿಮ್ಮ ಉಮ್ಮ ನನ್ನ ಪಕ್ಕದಲ್ಲೇ ಎಲೆಯಡಿಕೆ ಜಗಿಯುತ್ತಾ ಕೂತಿದ್ದಾರೆ. ಎಂದಿನಂತೆ ಪ್ರತಿ ಸಾಲನ್ನೂ ಓದಿಸಿ ಕೇಳುತ್ತಾರೆ. ಅವರಿಗೆ ಹಿಡಿಸದ ಸಾಲಿಗೆ ಈ ಕಾಗದದಲ್ಲಿ ಜಾಗವಿಲ್ಲ.

ನಿಮ್ಮ ಅಪ್ಪಣೆಯನ್ನು ಶಿರಸಾವಹಿಸಿ ಪ್ರತಿ ಶುಕ್ರವಾರ ಜುಮಾ ಕಳೆದ ಮೇಲೆ ವಿಮಾನವನ್ನು ಹಲಸಿನ ಮರಕ್ಕೆ ಹಗ್ಗದಿಂದ ಕಟ್ಟಿ, ತುಕ್ಕು ಹಿಡಿಯದಂತೆ ಎಂಜಿನ್ ಓಡಿಸುತ್ತಿದ್ದೇವೆ. ನಿಮ್ಮ ತಮ್ಮ ಹಂಝ, ಊರವರ ಪಂಪುಸೆಟ್ಟುಗಳ ರಿಪೇರಿಯನ್ನೆಲ್ಲ ಬಿಟ್ಟು ಬಂದು, ಫ್ಯಾನು ತಿರುಗಿಸಿ ಸ್ಟಾರ್ಟ್ ಮಾಡುತ್ತಾನೆ. ನಾನು ನಿಮ್ಮ ಸೀಟಿನಲ್ಲಿ ಕೂತು ನೀರಿನ ಬಿಸಿ ತೋರಿಸುವ ಮುಳ್ಳನ್ನು ನೋಡುತ್ತೇನೆ. ಊರಿನ ಉಳಿದ ಹೆಂಗಸರು ಅನ್ನ ಉಕ್ಕುವುದನ್ನು ನೋಡಿದರೆ ಸಾಕು. ನನ್ನ ಹಣೆಯಲ್ಲಿ ಗುಜರಿ ಕಾರಿನ ಎಂಜಿನ್ ಉಕ್ಕುವುದನ್ನು ನೋಡುವುದು ಬರೆದಿದೆ. ಕೂತಾಗ ಕಾಲು ನಡುಗುತ್ತದೆ. ಅದು ಎಂಜಿನಿನ ನಡುಕ ಎಂದು ಹಂಝನಿಗೆ ಹೇಳಿದ್ದೇನೆ. ಎಂಜಿನ್ ನಿಂತ ಮೇಲೂ ನಡುಗುತ್ತದೆ. ಅದಕ್ಕೆ ಏನು ಹೇಳುವುದೆಂದು ಇನ್ನೂ ಯೋಚಿಸಿಲ್ಲ.

ಕಬಕದ ಆದಂ ಕುಂಞಿಯವರ ಕೈಯಲ್ಲಿ ಎಂಜಿನಿಗೆ ನೀರು ತಿರುಗಿಸಲು ನೀವು ಕಳಿಸಿದ ಕರೆಂಟಿನ ಪಂಪು ಬಂದು ತಲುಪಿತು. ಅದರ ಗುಣಗಾನ ಮಾಡಿದ ನಿಮ್ಮ ಕಾಗದವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಬೆಲ್ಟಿನ ಪಂಪು ಎಂಜಿನಿನ ಬಲವನ್ನು ತಿನ್ನುತ್ತದೆ, ಇದು ತಿನ್ನುವುದಿಲ್ಲ. ಅದು ಭಾರ, ಇದು ಹಗುರ. ಎಂಜಿನ್ ನಿಂತರೆ ಅದೂ ನಿಲ್ಲುತ್ತದೆ, ಇದು ಎಂಜಿನ್ ನಿಂತ ಮೇಲೂ ನೀರು ತಿರುಗಿಸಿ ತಣಿಸುತ್ತದೆ. ಮದುವೆಯ ಮಾತುಕತೆಯಲ್ಲಿ ನಿಮ್ಮ ಬಗ್ಗೆಯೂ ಯಾರೂ ಇಷ್ಟು ಹೊಗಳಿರಲಿಲ್ಲ. ಎಲ್ಲವನ್ನೂ ಕೇಳಿದ ಉಮ್ಮ, "ಮೇಲೆ ಕರೆಂಟು ಎಲ್ಲಿಂದ ಬರುದು ಮೋಳೆ? ವಯರು ಎಳೀಲಿಕ್ಕುಂಟಾ?" ಎಂದರು. ಬ್ಯಾಟರಿ ಇದೆ ಎಂದೆ. "ನಮ್ಮ ರೇಡಿಯೋದಲ್ಲೂ ಬ್ಯಾಟರಿ ಉಂಟು. ವಾರ್ತೆ ಅರ್ಧ ಆಗುವಾಗ ಎಂತ ಆಗುದು, ನೋಡಿದ್ದಿ ಅಲ್ವಾ?" ಎಂದರು. ಹಂಝ ನಗಾಡಿದ. ನನಗೆ ನಗು ಬರಲಿಲ್ಲ.

ಹಳೆಯ ಪಂಪಿನ ಪರವಾಗಿ ನಾನೂ ಎರಡು ಮಾತು ಹೇಳಬೇಕು. ಮಳೆಗಾಲದಲ್ಲಿ ಅದರ ಬೆಲ್ಟು ತುಂಡಾದದ್ದನ್ನು ಬರೆದಿದ್ದೆನಲ್ಲ? ತುಂಡಾಗುವ ಮುಂಚೆ ಮೂರು ಶುಕ್ರವಾರ ಅದು ಕೀಂ ಕೀಂ ಎಂದು ಕೂಗಿ, ನೆರೆಮನೆಯ ನಾಯಿಗೂ ವಿಷಯ ತಿಳಿಸಿತ್ತು. ಡೈನಮೋ ಕೂಡ ಅದೇ ಬೆಲ್ಟಿನಲ್ಲಿ ತಿರುಗುವುದರಿಂದ, ತುಂಡಾದ ಕೂಡಲೇ ಕೆಂಪು ಲೈಟು ಹೊತ್ತಿಕೊಂಡಿತು. ಹಂಝ ತಕ್ಷಣ ನಿಲ್ಲಿಸಿ, ಆಮೇಲೆ ಬೇರೆ ಬೆಲ್ಟು ಹಾಕಿದ. ಅತ್ತು ಕರೆದು ಊರು ಸೇರಿಸುವ ಕಾಯಿಲೆಯವರಿಗೆ ಮದ್ದಾದರೂ ಸಿಗುತ್ತದೆ.

ಇರಲಿ. ನೀವು ಹೇಳಿದಂತೆಯೇ ಬೆಲ್ಟು ಬಿಚ್ಚಿ, ಹೊಸ ಪಂಪು ಕೂರಿಸಿ, ಜೀಪಿನ ಬ್ಯಾಟರಿಗೆ ಸೇರಿಸಿ ನಿನ್ನೆ ಓಡಿಸಿದೆವು. ಒಂದು ರಬ್ಬರ್ ಪೈಪು ಒಡೆದದ್ದು ಬಿಟ್ಟರೆ ಎಲ್ಲ ಸುಖ. ಫೆಬ್ರವರಿಯಲ್ಲಿ, ಸುಗ್ಗಿಯ ಕೊಯ್ಲು ಮುಗಿದ ಗದ್ದೆಯಿಂದ ನೀವು ಹಾರುವುದನ್ನು ನೋಡಲು ಉಮ್ಮ ಹೊಸ ಸೀರೆ ತೆಗೆದಿಟ್ಟಿದ್ದಾರೆ. ಅವರ ದುಆ ಸದಾ ನಿಮ್ಮ ಮೇಲಿದೆ. ಹಂಝನ ಸಲಾಂ. ಆಸಿಯಾಳಿಗೆ ಚಾಕಲೇಟು ಬೇಕಂತೆ, ಟೀಚರಿಗೂ ಒಂದು.

ನಿಮ್ಮ ದಾರಿ ನೋಡುತ್ತಿರುವ,
ಆಸಿಯಾಳ ಉಮ್ಮ
ರುಕಿಯಾ

ವಿ.ಸೂ.: ಉಮ್ಮ ಅಸರ್ ನಮಾಝಿಗೆ ಎದ್ದರು. ಅವರು ಬರುವುದರೊಳಗೆ ಬರೆಯುತ್ತೇನೆ. ಪೈಪು ಸುಮ್ಮನೆ ಒಡೆದದ್ದಲ್ಲ. ಎಂಜಿನ್ ಅದುರಿ ಪಂಪಿನ ವಯರು ಕಳಚಿಬಿದ್ದಿತ್ತು. ಪಂಪು ನಿಂತದ್ದು ನಮಗಿಬ್ಬರಿಗೂ ಗೊತ್ತಾಗಲಿಲ್ಲ. ಅದು ಓಡುವಾಗಲೂ ಸದ್ದಿಲ್ಲ, ನಿಂತಾಗಲೂ ಸದ್ದಿಲ್ಲ. ಎಂಜಿನ್ ಮೊದಲಿನಂತೆಯೇ ಓಡುತ್ತಿತ್ತು. ಆಮೇಲೆ ನೋಡುತ್ತಿದ್ದಂತೆ ಮುಳ್ಳು ಕೆಳಗೆ ಇಳಿಯಿತು. ಹೌದು, ಕೆಳಗೆ. ಏರಲಿಲ್ಲ. "ನೋಡು ಹಂಝ, ಎಷ್ಟು ತಣ್ಣಗುಂಟು!" ಎಂದು ನಾನು ಕೈ ತಟ್ಟಿದೆ. ಪೇಂಟು ಸುಡುವ ವಾಸನೆ ಬಂತು, ಪೈಪು ಒಡೆದು ಆವಿ ನುಗ್ಗಿತು. ಹಂಝ ಹೇಳಿದ್ದು ಇಷ್ಟು: ಮುಳ್ಳಿಗೆ ಬಿಸಿ ತಿಳಿಸುವ ಬಲ್ಬು ಇರುವುದು ಎಂಜಿನಿನಿಂದ ದೂರ, ಪೈಪಿನಲ್ಲಿ. ನೀರು ಹರಿಯದಿದ್ದರೆ ಆ ಪೈಪು ತಣ್ಣಗಾಗುತ್ತದೆ, ಎಂಜಿನ್ ಒಳಗೆ ಬೇಯುತ್ತಿರುತ್ತದೆ. ಜ್ವರ ಬಿಟ್ಟಿತೆಂದು ತಾಯಿ ನೆಮ್ಮದಿಯಿಂದ ಹಣೆ ಮುಟ್ಟುತ್ತಾಳೆ, ಮಗು ತಣ್ಣಗಾಗಿ ಹೋಗಿರುತ್ತದೆ. ಹಾಗೆ. ಹಾರಬೇಡಿ ಎಂದರೆ ನೀವು ಕೇಳುವವರಲ್ಲ, ಗೊತ್ತು. ಬೆಲ್ಟು ಮಾತ್ರ ತೆಗೆಯಬೇಡಿ. ಇವತ್ತು ಬೆಳಿಗ್ಗೆ ಹಂಝನ ಕೈಯಲ್ಲಿ ಅದನ್ನು ಮತ್ತೆ ಹಾಕಿಸಿದ್ದೇನೆ. ನಾನಿದ್ದದ್ದು ಹಲಸಿನ ಮರದ ಬುಡದಲ್ಲಿ, ಆದ್ದರಿಂದ ಕೈ ತಟ್ಟಿಯೂ ಬದುಕಿದ್ದೇನೆ. ಅಲ್ಲಿ ಮೇಲೆ, ಒಬ್ಬರೇ, ಆ ಮುಳ್ಳು ಇಳಿಯುವುದನ್ನು ನೋಡಿ ನೀವೂ ಖುಷಿಪಡುತ್ತೀರಿ. ಉಮ್ಮ ಬಂದರು.