ನಾನೇ ಬಿಟ್ಟ ನಾಲ್ಕು ಸಾಲು

ಕೊಳ್ಳೇಗಾಲ
೧೪ ಮಾರ್ಚ್ ೧೯೫೫

ಸೋಮಮ್ಮನವರಿಗೆ,

ನಿಮ್ಮನ್ನು ‘ನೀವು’ ಎನ್ನುತ್ತಿರುವುದು ಇದೇ ಮೊದಲು. ಪ್ರತಿಷ್ಠಾನದ ಅಕ್ಷರದ ತರಗತಿಯಲ್ಲಿ, ವಯಸ್ಸಿನಲ್ಲಿ ನನಗಿಂತ ದೊಡ್ಡವರಾದ ನಿಮ್ಮನ್ನು ‘ಬಾಮ್ಮ, ಕೂತ್ಕೊ’ ಎನ್ನುತ್ತಿದ್ದೆ. ಪ್ರಜೆಗಳೆಲ್ಲ ಸಮಾನರೆಂದು ಹಲಗೆಯ ಮೇಲೆ ಬರೆದವನೂ ನಾನೇ.

ಸದಾಶಿವಪ್ಪನವರು ಕಟ್ಟಿದ ಪ್ರಜಾಹಿತ ಪ್ರತಿಷ್ಠಾನಕ್ಕೆ ನಾನು ಕಾರ್ಯದರ್ಶಿಯಾಗಿದ್ದೆ. ಕಾಮಗೆರೆ, ಹನೂರು ಎಂದು ಸೈಕಲ್ಲಿನಲ್ಲಿ ತಿರುಗಿ, ವೋಟು ಹಾಕಿದರೆ ಸಾಲದು, ಕಷ್ಟವನ್ನು ಎದ್ದು ನಿಂತು ಹೇಳಬೇಕು, ಕಾನೂನು ಬದಲಾಗುವುದು ಹಾಗೆಯೇ ಎಂದು ಭಾಷಣ ಮಾಡುತ್ತಿದ್ದೆ. ಕೇಳಿದವರು ನೂರಾರು ಜನ. ನಂಬಿದವರು ನೀವು.

ಕಳೆದ ಆಷಾಢದಲ್ಲಿ ನಮ್ಮ ಜಿಲ್ಲಾ ಕೇಂದ್ರ ಕೊಯಮತ್ತೂರಿನಿಂದ ಒಬ್ಬ ಅಧಿಕಾರಿ ಬಂದರು. ರೇಷ್ಮೆ ನೂಲು ತೆಗೆಯುವವರಿಗಾಗಿ ಸರ್ಕಾರ ಹೊಸ ನಿಯಮ ಮಾಡಲಿದೆ, ಜನರ ಮಾತು ಕೇಳಬೇಕು ಎಂದರು. ನಾವು ಸಭೆ ಕರೆದೆವು. ಅಧ್ಯಕ್ಷರ ಕುರ್ಚಿಯಲ್ಲಿ ಸದಾಶಿವಪ್ಪನವರು. ರೇಷ್ಮೆ ನೂಲು ತೆಗೆಯುವ ಅವರದೇ ಚರಕದ ಮನೆಯಲ್ಲಿ ದುಡಿಯುತ್ತಿದ್ದ ನೀವು ಎದ್ದು ನಿಂತು, ಎರಡೂ ಅಂಗೈ ಚಾಚಿದಿರಿ.

“ನೋಡಿ ಸಾ. ಕುದಿಯಾ ನೀರ್ಲಿ ಗೂಡು ತಡಕಿ ತಡಕಿ ಚರ್ಮನೇ ಉಳ್ದಿಲ್ಲ. ಮಗೀನ್ ಮುಟ್ಟುದ್ರ ಅದೇ ಅಳ್ತದ. ಕೈ ಆರುಸ್ಕಳಕ ಮದ್ಯಾನ ಅರ್ಧ ಗಂಟ ಬುಡ್ಸಿಕೊಡಿ.”

ಅಧಿಕಾರಿ ನನ್ನತ್ತ ತಿರುಗಿ, “ನೀವು ಕಳಿಸುವ ವರದಿಯಲ್ಲಿ ಇದು ಬರಲಿ” ಎಂದರು.

ಬರಲಿಲ್ಲ. ‘ಕೆಲಸಗಾರರಿಂದ ವಿಶೇಷ ದೂರುಗಳಿಲ್ಲ’ ಎಂದು ಬರೆದೆ. ಎಂಟು ದಿನ ಕಳೆದು ನೀವು ಆಫೀಸಿಗೆ ಬಂದು ಓದಿ ಹೇಳಿ ಎಂದಿರಿ. ಕಾಗದ ಕೈಯಲ್ಲಿ ಹಿಡಿದು, ಅದರಲ್ಲಿ ಇಲ್ಲದ ನಿಮ್ಮ ಮಾತನ್ನು ಇದ್ದಂತೆ ಓದಿದೆ. ನೀವು ಕಾಗದ ತೆಗೆದುಕೊಂಡು ಸಾಲು ಸಾಲಿನ ಕೆಳಗೂ ಬೆರಳು ಎಳೆದಿರಿ.

“ಇದ್ರಲ್ಲಿ ‘ಸೋ’ನೇ ಇಲ್ವಲ್ಲ ಸಾ.”

ಆ ಅಕ್ಷರ ಕಲಿಸಿದವನು ನಾನು. ತಲೆ ತಗ್ಗಿಸಿ, “ಯಜಮಾನರು ತೆಗೆಸಿಬಿಟ್ಟರಮ್ಮ” ಎಂದೆ. ನೀವು ಕಾಗದವನ್ನು ಮೇಜಿನ ಮೇಲಿಟ್ಟು ಹೋದಿರಿ.

ಸೋಮಮ್ಮನವರೇ, ಅದು ಸುಳ್ಳು. ಇದನ್ನು ಹೇಳುವುದಕ್ಕೇ ಈ ಪತ್ರ. ಸದಾಶಿವಪ್ಪನವರು ಏನನ್ನೂ ತೆಗೆಸಲಿಲ್ಲ. ಒಂದು ಮಾತನ್ನೂ ಆಡಲಿಲ್ಲ. ನಿಮ್ಮ ಹೆಸರಿದ್ದ ನಾಲ್ಕು ಸಾಲು ನನ್ನ ಕರಡಿನಲ್ಲಿತ್ತು. ಅವರು ಓದಿದರೆ ಮುಖ ಗಂಟಿಕ್ಕಿಯಾರು ಎಂದುಕೊಂಡೇ ಹೊಡೆದುಹಾಕಿದೆ. ಅವರ ಹುಬ್ಬು ಅಲುಗುವ ಮೊದಲೇ ನನ್ನ ಬೆನ್ನು ಬಾಗಿತ್ತು. ಶುದ್ಧಪ್ರತಿಗೆ ಅವರು ಓದದೆಯೇ ಸಹಿ ಹಾಕಿದರು.

ಮರುವಾರ ಮೇಸ್ತ್ರಿ ನಿಮ್ಮನ್ನು ಕೆಲಸದಿಂದ ಬಿಡಿಸಿದ. ಚರಕದ ಮನೆಯಲ್ಲಿ ನಿಮ್ಮ ಪಕ್ಕದ ಒಲೆಯಲ್ಲಿ ದುಡಿಯುವ ಪುಟ್ಟಮಲ್ಲಮ್ಮ ಬಂದು, “ನೀವೇ ಮಾತಾಡು ಅಂದ್ರಿ, ನೀವೇ ಓಗಿ ಕೇಳಿ ಸಾ” ಎಂದರು. ಹೋಗುತ್ತೇನೆ ಎಂದೆ. ಹೋಗಲಿಲ್ಲ. ಆ ತಿಂಗಳೇ ಯಳಂದೂರಿನಲ್ಲಿ ನಾಗರಿಕರ ಧೈರ್ಯದ ಬಗ್ಗೆ ಭಾಷಣ ಮಾಡಿದೆ, ಹಾರ ಹಾಕಿಸಿಕೊಂಡೆ.

ಹೋದ ತಿಂಗಳು ಕೆಲಸ ಬಿಟ್ಟೆ. ನಿಮ್ಮ ಮಾತನ್ನು ಹಾಗೆಯೇ ಬರೆದು ಕೊಯಮತ್ತೂರಿಗೆ ಕಳಿಸಿದೆ. ನಿಯಮದ ಕರಡು ಸಿದ್ಧವಾಗಿದೆ, ಕಾಲ ಮೀರಿದೆ ಎಂದು ಉತ್ತರ ಬಂತು. ಅರ್ಧ ಗಂಟೆಯ ಬಿಡುವು ಅದರಲ್ಲಿಲ್ಲ.

ನೀವು ಯಳಂದೂರಿನ ತವರಿಗೆ ಹೋಗಿದ್ದೀರೆಂದು ತಿಳಿದು ಮೊನ್ನೆ ಬಸ್ಸು ಹತ್ತಿ ಬಂದೆ. ತಾಲ್ಲೂಕು ಕಚೇರಿಯ ಮುಂದೆ ಹೆಂಗಸರ ಗುಂಪು, ನಡುವೆ ನೀವು. ಬೀದಿಗೆ ಬಾವಿ ಬೇಕೆಂಬ ಅರ್ಜಿ. ಗುಮಾಸ್ತನಿಗೆ ನೀವು ಹೇಳಿದ್ದು ಬೇಲಿಯಾಚೆ ನಿಂತಿದ್ದ ನನಗೂ ಕೇಳಿಸಿತು: “ನಾನ್ ಏಳ್ದಂಗೇ ಬರೀರಿ ಸಾ. ಬರ್ದಾದ್ ಮ್ಯಾಲ ನಾನೇ ಓದ್ತೀನಿ.”

ಅವನು ಬರೆದುಕೊಟ್ಟ. ನೀವು ತಡೆದು ತಡೆದು ಓದಿದಿರಿ. ಒಂದು ಕಡೆ ನಿಲ್ಲಿಸಿ, ಬೆರಳಿಟ್ಟು, “ಇದು ನಾನ್ ಅಂದಿದ್ದಲ್ಲ” ಎಂದಿರಿ. ಅವನು ತಿದ್ದಿದ. ಅಷ್ಟೂ ಹೆಂಗಸರು ಕಾದು ನಿಂತಿದ್ದರು. ಯಾವ ಮುಖ ಹೊತ್ತು ನಿಮ್ಮೆದುರು ಬರಲಿ? ಅದೇ ಬಸ್ಸಿಗೆ ಹಿಂತಿರುಗಿದೆ.

ಕ್ಷಮೆ ಕೇಳುವಷ್ಟು ದೊಡ್ಡವನಲ್ಲ ನಾನು. ಈ ಪತ್ರವನ್ನು ಯಾರಿಗೆ ಬೇಕಾದರೂ ಓದಿ ಹೇಳಿ, ನನ್ನ ಹೆಸರು ಮುಚ್ಚಿಡಬೇಡಿ.

ನಿಮ್ಮ ಬೀದಿಯ ಬಾವಿಯಲ್ಲಿ ಬೇಗ ನೀರು ಕಾಣಲಿ.

ತಲೆ ಎತ್ತಲಾರದ,
ಮಾದಸ್ವಾಮಿ